ಕನ್ವರ್ಟರಿಗೆ ಬೆಸುಗೆ ಬೀಳುವ ಮುನ್ನ

ಶೆಡ್ಡು, ನಿನ್ನ ಕಾರಿನ ಬಾನೆಟ್ಟಿನ ಮೇಲಿಂದ
ಮಂಗಳವಾರ ಬೆಳಿಗ್ಗೆ

ಮುದ್ದಿನ, ಮೊಂಡ ಅಣ್ಣಾ,

ಆರೋಗ್ಯವಾಗಿದ್ದೀಯಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ? ಫೋನ್ ಎತ್ತುವಷ್ಟು ಶಕ್ತಿ ನಿನ್ನ ಕೈಯಲ್ಲಿಲ್ಲವೆಂಬುದು ಮನೆಮಂದಿಗೆಲ್ಲ ತಿಳಿದಿರುವುದರಿಂದ, ಈ ಕಾಗದವನ್ನು ನಿನ್ನ ಕಾರ್ಖಾನೆಗೆ ಸರಕು ತರುವ ಲಾರಿಯವರ ಕೈಯಲ್ಲಿ ಕಳಿಸುತ್ತಿದ್ದೇನೆ. ಸಂಜೆಗೆ ವಾಪಸು ಬರುತ್ತಾರೆ. ಉತ್ತರವಿಲ್ಲದೆ ಬಂದರೆ ಅವರಿಗೆ ಇನ್ನು ಮುಂದೆ ನಮ್ಮನೆ ಕಾಫಿ ಇಲ್ಲ.

ಇಲ್ಲಿ ಅಮ್ಮ ಕ್ಷೇಮ, ನಾನೂ ಕ್ಷೇಮ. ಅಪ್ಪ ಮತ್ತು ನಿನ್ನ ಕಾರು ಮಾತ್ರ ಹಲ್ಲು ಕಡಿಯುತ್ತಿದ್ದಾರೆ. ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಸುಟ್ಟುಹೋಯಿತು. ಮುಂದಿನ ವಾರ ಕಾರು ಪಂದ್ಯ. ನೀನಿಲ್ಲದ ಮೇಲೆ ಸ್ಟೇರಿಂಗ್ ಹಿಡಿಯುವವಳು ನಾನು. ಹೊಸದನ್ನು ಕಾರಿನ ಅಳತೆಗೇ ಮಾಡಿಸಲು ಅಪ್ಪ ಕನ್ವರ್ಟರ್ ಮೇಸ್ತ್ರಿಯ ಬಳಿ ಹೋದರು, ಬಾಲದಂತೆ ನಾನೂ. ಆ ಮೇಸ್ತ್ರಿ ಕೇಳಿದಷ್ಟು ಪೊಲೀಸರೂ ವಿಚಾರಿಸಲಿಕ್ಕಿಲ್ಲ! ಕಾರಿನ ತೂಕವೆಷ್ಟು, ಓಡಿಸುವವರ ತೂಕವೆಷ್ಟು, ಎಂಜಿನ್ನಿನ ಉಸಿರಾಟ ನಡೆಸುವ ಕ್ಯಾಮ್ ಯಾವುದು. ಅಲ್ಲಿಯವರೆಗೆ ಪಟಪಟನೆ ಹೇಳುತ್ತಿದ್ದ ಅಪ್ಪ, ಕ್ಯಾಮ್ ಎಂದೊಡನೆ ಗೋಡೆ ನೋಡತೊಡಗಿದರು. ಯಾರನ್ನೂ ಕೇಳದೆ ನೀನು ಹಾಕಿದ ಕ್ಯಾಮ್, ನೀವಿಬ್ಬರೂ ಬೀದಿಗೆ ಕೇಳುವಂತೆ ಕೂಗಾಡಿದ ಕ್ಯಾಮ್, ನೀನು ಬ್ಯಾಗು ಹೊತ್ತು ಹೊರಟದ್ದೂ ಅದಕ್ಕಾಗಿಯೇ.

“ಮಗನ್ನ ಕೇಳಿ ಹೇಳಿ ಸ್ವಾಮಿ” ಅಂದರು ಮೇಸ್ತ್ರಿ. “ಅವನನ್ನ್ಯಾಕೆ ಕೇಳ್ಲಿ? ಎಂಜಿನ್ನನ್ನೇ ಕೇಳ್ತೀನಿ” ಅಂದರು ನಮ್ಮ ತೀರ್ಥರೂಪರು. ಅಂದಿನಿಂದ ಬಾನೆಟ್ಟಿಗೆ ಕಿವಿಯಿಟ್ಟು ಕೇಳುತ್ತಲೇ ಇದ್ದಾರೆ. ಅದೂ ನಿನ್ನ ಹಾಗೇ. ಗುರ್ರೆನ್ನುತ್ತದೆ, ಉತ್ತರ ಕೊಡುವುದಿಲ್ಲ.

ನಗಬೇಡ. ಅಂದಾಜಿನ ಮೇಲೆ ಮಾಡಿಸಿದರೆ ಏನಾಗುತ್ತದೆಂದು ನಿನಗೆ ಗೊತ್ತು. ಕನ್ವರ್ಟರ್ ಬಿಗಿಯಾದರೆ ಎಂಜಿನ್ ದಮ್ಮು ಕಟ್ಟುವ ಮೊದಲೇ ಕಾರು ಹೊರಟು ಏದುಸಿರು ಬಿಡುತ್ತದೆ. ಸಡಿಲವಾದರೆ ಎಂಜಿನ್ ಬೊಬ್ಬೆ ಹೊಡೆಯುತ್ತದೆ, ಕಾರು ಯೋಚಿಸುತ್ತ ನಿಲ್ಲುತ್ತದೆ, ಎಣ್ಣೆ ಕುದಿಯುತ್ತದೆ. ಒಮ್ಮೆ ಬೆಸುಗೆ ಹಾಕಿ ಮುಚ್ಚಿದರೆ ಮುಗಿಯಿತು. ಮೇಸ್ತ್ರಿ ಶುಕ್ರವಾರದವರೆಗೆ ಕಾಯುತ್ತಾರಂತೆ. ಅಪ್ಪ ಕಾಯುವುದಿಲ್ಲ; ನಾಳೆ ನಿನ್ನ ಎಂಜಿನ್ನನ್ನೇ ಬಿಚ್ಚಿ ನೋಡುತ್ತಾರಂತೆ. ಸ್ಪ್ಯಾನರುಗಳು ಸಾಲಾಗಿ ಕೂತಿವೆ. ಮುಖ್ಯವಾದದ್ದೊಂದು ನನ್ನ ಜಡೆಯ ಗಂಟಿನಲ್ಲಿದೆ, ಆದರೆ ಅಪ್ಪ ಆಗಲೇ ನನ್ನ ತಲೆಯನ್ನು ಅನುಮಾನದಿಂದ ನೋಡುತ್ತಿದ್ದಾರೆ. ಕ್ಯಾಮಿನ ಅಳತೆಯನ್ನು ಈ ಹಾಳೆಯ ಹಿಂದೆಯೇ ಗೀಚಿ ಕಳಿಸು.

ಅಮ್ಮನ ಆಶೀರ್ವಾದ, ಅಪ್ಪನ ಗುರ್ರು, ಎರಡನ್ನೂ ಸಮನಾಗಿ ಸ್ವೀಕರಿಸತಕ್ಕದ್ದು.

ನಿನ್ನ ತಂಗಿ,
ಸದ್ಯದ ಚಾಲಕಿ

ತಾ.ಕ.: ಲಾರಿಯವರು ಹಾರ್ನ್ ಹೊಡೆಯುತ್ತಿದ್ದಾರೆ, ಒಂದೇ ಮಾತು. ಓಡಿಸುವವರ ತೂಕ ಕೇಳಿದಾಗ ಅಪ್ಪ ಹೇಳಿದ್ದು ನನ್ನದಲ್ಲ, ನಿನ್ನದು. ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅಲ್ಲಿ ಸೊರಗಿದ್ದರೆ ಅದನ್ನೂ ಬರೆದು ಕಳಿಸು. ಇಲ್ಲವೇ, ಲಾರಿಯಲ್ಲಿ ಪಕ್ಕದ ಸೀಟು ಖಾಲಿಯಿದೆ.