ದೇವರ ದನ ಮಲಗುವ ಜಾಗ

ಚಳ್ಳಕೆರೆ
ಬುಧವಾರ, ಏಪ್ರಿಲ್ 22, 2026

ನನ್ನ ಮೊಂಡು ತಮ್ಮ ಮಾರುತೇಶನಿಗೆ ಅಕ್ಕ ಗಂಗಲಕ್ಷ್ಮಿ ಮನಸಾರೆ ಹರಸಿ ಬರೆಯುವುದು,

ಹೇಗಿದ್ದೀಯೋ? ಅಂಗಾಲಿನಲ್ಲಿ ಜಾಲಿಮುಳ್ಳು ಮುರಿದಿತ್ತಲ್ಲ, ಪೂರ್ತಿ ಹೊರಗೆ ಬಂತೋ ಇಲ್ಲವೋ? ಕೀವಾಗಿದ್ದರೆ ಎಕ್ಕದ ಹಾಲು ಹಚ್ಚಿಕೊಂಡು ಸುಮ್ಮನೆ ಕೂರಬೇಡ, ದೇವಸಮುದ್ರದ ಆಸ್ಪತ್ರೆಗೆ ಹೋಗಿ ಸೂಜಿ ಹಾಕಿಸಿಕೊ. ದೇವರ ದನ ಕಾಯುವ ಕಿಲಾರಿ ಚಪ್ಪಲಿ ಮೆಟ್ಟಬಾರದು ಎಂಬ ಕಟ್ಟಳೆ ಇದೆಯೇ ಹೊರತು ಸೂಜಿ ಚುಚ್ಚಿಸಿಕೊಳ್ಳಬಾರದು ಎಂದು ಯಾವ ದೇವರೂ ಹೇಳಿಲ್ಲ. ಅವ್ವ ಆರಾಮಾಗಿದ್ದಾಳೆ. ಹೋದ ವಾರ ಹಟ್ಟಿಗೆ ಹೋಗಿದ್ದಾಗ ನಿನ್ನ ಪಾಲಿನ ಶೇಂಗಾ ಚಟ್ನಿಪುಡಿಯನ್ನೂ ನನ್ನ ಡಬ್ಬಿಗೇ ಸುರಿದು, "ಅವ್ನಿಗ್ಯಾಕೆ, ಹಾಲು ಕುಡ್ಕಂಡು ಮೈ ಬಿಟ್ಟವ್ನೆ" ಎಂದಳು. ಹಾಗೆನ್ನುವಾಗ ಕಣ್ಣು ಮಾತ್ರ ಗುಡ್ಡದ ಕಡೆಗೇ ಇತ್ತು. ಈ ಪತ್ರದ ವಿಷಯ ಅವಳಿಗೆ ಹೇಳಿಲ್ಲ. ಹೇಳಿದರೆ ಊಟ ಬಿಡುತ್ತಾಳೆ.

ಫೋನಿದ್ದಿದ್ದರೆ ಈ ಕರ್ಮವೇ ಇರಲಿಲ್ಲ. ಕಿಲಾರಿಯಾದವನು ದನ ಕೂಡುವ ರೊಪ್ಪದಲ್ಲಿರುವಷ್ಟು ದಿನ ಫೋನ್ ಮುಟ್ಟಬಾರದು ಎಂದು ದೊಡ್ಡಪ್ಪ ಅದನ್ನು ಕಿತ್ತುಕೊಂಡು ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡರು. ನೀನೂ ಕತ್ತು ಬಗ್ಗಿಸಿ ಕೊಟ್ಟೆ. ಇರಲಿ. ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದನ್ನು ಆಮೇಲೆ ಓದು. ಗುಬ್ಬಿಗುಂಡು ಗುಡ್ಡದ ಹಿಂದಿರುವ ಕಲ್ಲು ಕ್ವಾರಿಯಲ್ಲಿ ಶುಕ್ರವಾರ ಬೆಳಿಗ್ಗೆ ಬಂಡೆ ಸಿಡಿಸುತ್ತಾರೆ. ಇಷ್ಟು ದಿನ ಪಟ್ ಪಟ್ ಎನ್ನುತ್ತಿದ್ದ ಸಣ್ಣ ಮದ್ದಲ್ಲ, ಬಂಡೆಯ ಇಡೀ ಹೊಸ ಮುಖವನ್ನೇ ಒಮ್ಮೆಗೆ ಕೆಡವುತ್ತಾರಂತೆ. ನೀನು ದನ ಕೂಡಿಹಾಕಿರುವ ಒರತೆಹಳ್ಳ ಅದರ ಮಗ್ಗುಲಲ್ಲೇ ಇದೆ. ಆದರೆ ನೀನು ಅಲ್ಲಿದ್ದೀಯ ಎಂದು ಅವರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಮಾರುತೇಶ, ನನಗೆ ಭಯವಾಗುತ್ತಿದೆ.

ಇದು ನನಗೆ ಹೇಗೆ ಗೊತ್ತಾಯಿತು ಎಂದು ಕೇಳುತ್ತೀಯ. ನನ್ನ ಕೆಲಸ ಏನೆಂದು ನೀನು ಯಾವತ್ತೂ ಕಿವಿಗೊಟ್ಟು ಕೇಳಿದವನಲ್ಲ, "ಅಕ್ಕ ಕಂಪ್ಯೂಟರ್‌ನಾಗೆ ಗೊಂಬೆ ಮನೆ ಕಟ್ತಾಳೆ" ಎಂದು ಹಟ್ಟಿಯವರ ಮುಂದೆಲ್ಲ ನಗಾಡಿದವನು. ಗೊಂಬೆ ಮನೆಯೇ ಅಂದುಕೋ. ಗುಡ್ಡ, ಹಳ್ಳ, ದಾರಿಗಳನ್ನೆಲ್ಲ ಇದ್ದ ಹಾಗೇ ಕಂಪ್ಯೂಟರಿನೊಳಗೆ ಎಬ್ಬಿಸುತ್ತೇವೆ, ಸುತ್ತ ತಿರುಗಿಸಿ ನೋಡಬಹುದು. ಅದರ ಮೇಲೆ ಮನೆ, ಮರ, ಕರೆಂಟು ಕಂಬ, ದನದ ರೊಪ್ಪ ಒಂದೊಂದನ್ನೂ ಅದರದರ ಜಾಗದಲ್ಲಿ ಇಡಬೇಕು. ಜಾಗ ಎಂದರೆ ಅಕ್ಷಾಂಶ, ರೇಖಾಂಶ, ಎತ್ತರ ಎಂಬ ಮೂರು ಅಂಕಿ. ಸರ್ವೆಯವನು ಜಾಗಕ್ಕೆ ಹೋಗಿ, ಉಪಗ್ರಹ ನೋಡುವ ಯಂತ್ರ ಹಿಡಿದು ಅಂಕಿ ತರುತ್ತಾನೆ. ಆ ಅಂಕಿಗಳನ್ನು ಇದ್ದ ಹಾಗೇ ಸುರಿದರೆ ಕೆಲಸ ಕೆಡುತ್ತದೆ. ಭೂಮಿಯ ನಡುಮಧ್ಯದಿಂದ ಲೆಕ್ಕ ಹಿಡಿದರೆ ಅಂಕಿಗಳು ತುಂಬ ದೊಡ್ಡವಾಗಿ, ಕಂಪ್ಯೂಟರಿಗೆ ಕೊನೆಯ ಸಣ್ಣ ಅಂಕಿಗಳ ಲೆಕ್ಕ ಸಿಗದೆ, ಮನೆ ಮರಗಳೆಲ್ಲ ಚಳಿಜ್ವರ ಬಂದವರಂತೆ ಗಡಗಡ ನಡುಗುತ್ತವೆ. ಅದಕ್ಕೇ ಹತ್ತಿರದ ಒಂದು ಜಾಗವನ್ನು ಸೊನ್ನೆ ಎಂದು ಹಿಡಿದು, ಅಲ್ಲಿಂದ ಪೂರ್ವಕ್ಕೆ ಎಷ್ಟು, ಉತ್ತರಕ್ಕೆ ಎಷ್ಟು, ಮೇಲಕ್ಕೆ ಎಷ್ಟು ಎಂದು ಅಳೆದು ಇಡುತ್ತೇವೆ. ನಾನು ಸೊನ್ನೆ ಹಿಡಿದದ್ದು ದೇವಸಮುದ್ರದ ಬಸ್ ನಿಲ್ದಾಣವನ್ನು. ಕಾಲೇಜಿಗೆ ಹೋಗುವಾಗ ಅಲ್ಲೇ ಅಲ್ಲವೇ ನಾವಿಬ್ಬರೂ ಬಸ್ಸಿಗೆ ಕಾದು ಕಾದು ಕಾಲು ನೋಯಿಸಿಕೊಂಡದ್ದು.

ಕ್ವಾರಿಯವರು ನಮಗೆ ಮಾಡಿಸಲು ಕೊಟ್ಟದ್ದು ಅಪಾಯದ ಚಿತ್ರ. ಬಂಡೆ ಸಿಡಿಯುವ ಕಡೆಯಿಂದ ಸುತ್ತ ಅರ್ಧ ಕಿಲೋಮೀಟರ್ ಒಂದು ವರ್ತುಲ. ಅದರೊಳಗೆ ಬಿದ್ದದ್ದೆಲ್ಲ ಕೆಂಪು, ಹೊರಗಿದ್ದದ್ದು ಹಸಿರು. ಕೆಂಪಾದ ಕಡೆಗೆ ಮಾತ್ರ ಮೊದಲೇ ಹೋಗಿ ಜನರನ್ನು ಎಬ್ಬಿಸುತ್ತಾರೆ, ದಾರಿಗೆ ಬಾವುಟ ಹಿಡಿದವರನ್ನು ನಿಲ್ಲಿಸುತ್ತಾರೆ. ನಮ್ಮ ರೊಪ್ಪವನ್ನು ಮೊದಲ ಸಲ ಇಟ್ಟಾಗ ಅದು ಎಲ್ಲೂ ಕಾಣಲೇ ಇಲ್ಲ. ಹುಡುಕಿ ಹುಡುಕಿ ಕೊನೆಗೆ ಕೆಳಗಿನಿಂದ ನೋಡಿದರೆ, ನೆಲದೊಳಗೆ ಹೂತುಹೋಗಿತ್ತು. ಉಪಗ್ರಹ ಹೇಳುವ ಎತ್ತರ ಬೇರೆ, ಸಮುದ್ರದಿಂದ ಅಳೆದ ಎತ್ತರ ಬೇರೆ, ನಮ್ಮ ಸೀಮೆಯಲ್ಲಿ ಎರಡಕ್ಕೂ ತೊಂಬತ್ತು ಮೀಟರಿನ ಹತ್ತಿರ ವ್ಯತ್ಯಾಸ ಬರುತ್ತದೆ. ಇದು ಲೆಕ್ಕದ ವಿಷಯ, ಸರಿ ಮಾಡಿದೆ. ಆದರೂ ನಿನ್ನ ರೊಪ್ಪ ಮಣ್ಣಿನಡಿ ಇದ್ದದ್ದನ್ನು ಕಣ್ಣಾರೆ ಕಂಡು, ಅದು ಮೇಲೆ ಬರುವವರೆಗೆ ಕುರ್ಚಿ ಬಿಟ್ಟು ಏಳಲಿಲ್ಲ. ಮೇಲೆತ್ತಿ ಇಟ್ಟ ಮೇಲೆ ಹಸಿರಾಗಿ ಕೂತಿತು. ಕ್ವಾರಿಗೆ ಅದು ಎಷ್ಟೋ ದೂರ, ಗುಡ್ಡದ ಆಚೆ. ಈ ಸಲ ಬೇರೆ ಕಡೆ ಕೂಡಿದ್ದೀಯ, ಸದ್ಯ ಬದುಕಿದೆವು ಎಂದು ಅವತ್ತು ಎರಡು ಲೋಟ ಟೀ ಕುಡಿದೆ.

ನಿನ್ನೆ ಚಿತ್ರ ಕಳಿಸುವ ಮೊದಲು ಕೊನೆಯ ಸಲ ನೋಡುತ್ತಿದ್ದೆ. ಸರ್ವೆಯವನು ಪ್ರತಿ ಜಾಗಕ್ಕೂ ಒಂದು ಫೋಟೋ ತೆಗೆದಿರುತ್ತಾನೆ. ನಮ್ಮ ರೊಪ್ಪದ ಫೋಟೋ ತೆರೆದೆ. ಬೇಲಿಯ ನಡುವೆ ನೀನು ಕೋಲು ಊರಿಕೊಂಡು ನಿಂತಿದ್ದೀಯ, ನಿನ್ನ ಪಕ್ಕದಲ್ಲಿ ಸರ್ವೆಯವನ ಜೊತೆಗಾರ ಇಷ್ಟು ದಪ್ಪನೆಯ ಬೂಟು ಹಾಕಿಕೊಂಡು ನಿಂತಿದ್ದಾನೆ, ನೀನು ಹಲ್ಲು ಬಿಟ್ಟುಕೊಂಡು ನಗುತ್ತಿದ್ದೀಯ. ಬೇರೆ ಯಾರೇ ನೋಡಿದ್ದರೂ ಏನೂ ಅನ್ನಿಸುತ್ತಿರಲಿಲ್ಲ. ನಾನು ಮಾತ್ರ ಆ ಬೂಟನ್ನೇ ದೊಡ್ಡದು ಮಾಡಿ ನೋಡಿದೆ. ದನದ ಡಾಕ್ಟರು ಚಪ್ಪಲಿ ಮೆಟ್ಟಿಕೊಂಡು ಬೇಲಿ ದಾಟಿದರು ಎಂದು ಅವರನ್ನು ಅರ್ಧ ಹರದಾರಿ ಅಟ್ಟಿಸಿಕೊಂಡು ಹೋದವನು ನೀನು. ದೇವರ ದನ ಮಲಗುವ ನೆಲಕ್ಕೆ ಬೂಟು ಬರಲು ನೀನು ಬಿಡುತ್ತೀಯಾ? ಹಾಗಾದರೆ ಅದು ನಮ್ಮ ರೊಪ್ಪ ಅಲ್ಲ. ಯಾರೋ ಬಿಟ್ಟುಹೋದ ಹಳೆಯ ಕುರಿರೊಪ್ಪ. ಕಟ್ಟಳೆ ಪ್ರಕಾರವೇ ನಡೆದುಕೊಂಡಿದ್ದೀಯ. ದನ ಎಲ್ಲಿ ಮಲಗುತ್ತವೆ ಎಂದು ಹೊರಗಿನವರು ಕೇಳಿದರೆ ಬಲಕ್ಕಿದ್ದದ್ದನ್ನು ಎಡಕ್ಕೆ ತೋರಿಸಬೇಕು ಎಂದು ದೊಡ್ಡಪ್ಪ ನಮಗಿಬ್ಬರಿಗೂ ಚಿಕ್ಕಂದಿನಲ್ಲೇ ಕಲಿಸಿದ್ದಾರಲ್ಲ. ಕಳ್ಳಕಾಕರ ಕಾಲದ ಬುದ್ಧಿ ಅದು. ಆ ಸರ್ವೆಯವನು ಯಾತಕ್ಕೆ ಕೇಳುತ್ತಿದ್ದಾನೆ ಎಂದು ಒಂದು ಮಾತು ವಿಚಾರಿಸಬಾರದಿತ್ತೇನೋ ಬೆಪ್ಪೆ?

ಯುಗಾದಿ ಕಳೆದ ಮೇಲೆ ನಮ್ಮ ದನ ಒರತೆಹಳ್ಳ ಬಿಟ್ಟು ಬೇರೆಲ್ಲೂ ಮಲಗುವುದಿಲ್ಲ, ಇದು ನನಗೆ ಗೊತ್ತು. ಚಿತ್ರವನ್ನು ತಿರುಗಿಸಿ ಒರತೆಯನ್ನೂ ಅದರ ಪಕ್ಕದ ಹೊಂಗೆಮರವನ್ನೂ ಹುಡುಕಿ ಅಳತೆ ಹಿಡಿದೆ. ವರ್ತುಲದ ಅಂಚಿನಲ್ಲೂ ಅಲ್ಲ, ಎಷ್ಟೋ ಒಳಗೆ. ಹೋದ ವರ್ಷ ಆ ಸಣ್ಣ ಮದ್ದಿಗೇ ಕಲ್ಲು ಹಾರಿಬಂದು ಬೋರಕ್ಕನ ಕೊಟ್ಟಿಗೆಯ ತಗಡು ತೂತು ಬಿದ್ದು, ಕೆಳಗೆ ಕಟ್ಟಿದ್ದ ಕರುವಿನ ಸೊಂಟ ಮುರಿದದ್ದು ನೆನಪಿದೆಯಾ? ಒರತೆಹಳ್ಳಕ್ಕೆ ತಗಡೂ ಇಲ್ಲ. ಅಲ್ಲಿಗೆ ಬಾವುಟದವನೂ ಬರುವುದಿಲ್ಲ. ಸೈರನ್ ಕೂಗಿದರೆ ನೀನು ಲಾರಿ ಹಾರನ್ ಎಂದುಕೊಂಡು ಹೊಂಗೆಮರದಡಿ ಮಗ್ಗುಲು ಬದಲಾಯಿಸುತ್ತೀಯ.

ನಮ್ಮ ಆಫೀಸಿನ ನಿರ್ಮಲಾ ಮೇಡಂಗೆ ನಿನ್ನೆಯೇ ಹೇಳಿದೆ. ಒಳ್ಳೆಯವರೇ, ಆದರೆ ಹೆದರಿಕೆಯ ಜೀವ. "ಸರ್ವೆಯವ್ರು ಸೈನ್ ಹಾಕಿರೋ ಅಂಕಿ ಕಣಮ್ಮ, ಬೂಟು ನೋಡಿ ಬದ್ಲಾಯ್ಸಿದ್ವಿ ಅಂದ್ರೆ ಯಾರು ನಂಬ್ತಾರೆ? ನಿಮ್ ತಮ್ಮನ್ನೇ ಕರ್ಸು, ಸರಿಯಾದ ಜಾಗ ತೋರಿಸ್ಲಿ, ಅವತ್ತೇ ಬದ್ಲಾಯ್ಸಾಣ" ಎಂದರು. ಅವರಿಗೆ ಹೇಳದೆ ಅಂಕಿ ಮುಟ್ಟಿದರೆ ಕೆಲಸ ಹೋಗುತ್ತದೆ ಎಂಬುದನ್ನು ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ದೊಡ್ಡಪ್ಪನಿಗೆ ಫೋನ್ ಮಾಡಿದೆ. ನಮ್ಮ ದೊಡ್ಡಪಾಲಯ್ಯನವರು ಗೊತ್ತಲ್ಲ, ಅರ್ಧ ತೆಲುಗಿನಲ್ಲಿ ಬೈದು ಅರ್ಧ ಕನ್ನಡದಲ್ಲಿ ಶಾಪ ಹಾಕುವವರು. "ನೀಕೆಂದುಕಮ್ಮಾ ಈ ಪನಿ? ನಿಂಗ್ಯಾಕೆ ಈ ಕೆಲ್ಸ? ದೇವ್ರು ಮಲಗೋ ಜಾಗ ಬಾಯಾಗೆ ಆಡಬಾರ್ದು, ನೀನು ಡಬ್ಬದಾಗೆ ಇಟ್ಟು ಊರಿಗೆಲ್ಲ ತೋರಿಸ್ತೀಯಾ? ತೋರಿಸ್ದೋರಿಗೆ ದೇವ್ರ ಮೀಸಲು ಹಾಲಿಲ್ಲ, ಗುಡಿ ಮೆಟ್ಲಿಲ್ಲ, ತಿಳ್ಕ" ಎಂದರು. ನಾನು ಕಲ್ಲು ಹಾರುತ್ತದೆ ಎಂದೆ. "ದನ ಕಾಯೋನು ಅವನಲ್ಲ, ದ್ಯಾವ್ರು" ಎಂದು ಫೋನ್ ಇಟ್ಟರು. ಮತ್ತೆ ಮಾಡಿದರೆ ಎತ್ತಲಿಲ್ಲ.

ಅವರ ಮೇಲೆ ಎಷ್ಟು ಸಿಟ್ಟು ಬಂದರೂ ಒಂದು ಮಾತು ನಿಜ. ಆ ಮಾತು ನನ್ನನ್ನೂ ಕಟ್ಟಿಹಾಕಿದೆ. ರೊಪ್ಪವನ್ನು ಹಿಡಿದು ಒರತೆಹಳ್ಳಕ್ಕೆ ಸರಿಸಲು ನನಗೆ ಚಿಟಿಕೆ ಹೊಡೆಯುವಷ್ಟು ಹೊತ್ತು ಸಾಕು. ಆದರೆ ಆಮೇಲೆ ಆ ಚಿತ್ರ ಕ್ವಾರಿಗೆ ಹೋಗುತ್ತದೆ, ತಾಲ್ಲೂಕು ಆಫೀಸಿಗೆ ಹೋಗುತ್ತದೆ, ಯಾರು ಬೇಕಾದರೂ ಬೆರಳಾಡಿಸಿ ನಮ್ಮ ದೇವರ ನೆತ್ತಿಯ ಮೇಲೆ ನಿಂತು ನೋಡಬಹುದು. ನಮ್ಮಜ್ಜಿ ಸಾಯುವಾಗಲೂ ಬಾಯಿ ಬಿಡದ ಜಾಗ ಅದು. ನಾನು ಇಲ್ಲಿ ಚಪ್ಪಲಿ ಮೆಟ್ಟಿ, ಕುರ್ಚಿ ಮೇಲೆ ಕೂತು, ಅದನ್ನು ತೋರಿಸಿಬಿಡಲೇ? ಕೈ ಕಂಪ್ಯೂಟರಿನ ಮೌಸ್ ಮೇಲಿಟ್ಟು ತೆಗೆದೆ, ಇಟ್ಟು ತೆಗೆದೆ. ದೇವರಿಗೆ ಹೆದರಲೋ, ಕಲ್ಲಿಗೆ ಹೆದರಲೋ ತಿಳಿಯದೆ ಒದ್ದಾಡುತ್ತಿದ್ದೇನೆ ಕಣೋ.

ಅದಕ್ಕೇ ಈ ಪತ್ರ. ಬೋರ್‌ವೆಲ್ ಮೋಟಾರ್ ರಿಪೇರಿಯ ಕರೀಂ ಸಾಬ್ ನಾಳೆ ಬೆಳಿಗ್ಗೆ ಆ ಕಡೆಗೆ ಹೊರಟಿದ್ದಾರೆ. ಅವರನ್ನು ನೀನು ಬಲ್ಲೆ. ಹಳ್ಳದ ಬಾಯಿಯಲ್ಲಿ ನಿಂತು ಕೂಗುತ್ತಾರೆ, ಬೇಲಿಯ ಹತ್ತಿರಕ್ಕೂ ಬರುವುದಿಲ್ಲ ಎಂದು ತಾವಾಗಿಯೇ ಹೇಳಿದರು. ಪತ್ರ ಓದಿದ ಕೂಡಲೇ ದನ ಎಬ್ಬಿಸು. ಕೆರೆ ಏರಿಯ ಆಚೆಗೆ ಹೋಗು, ಅಲ್ಲಿ ನೀರಿದೆ, ವರ್ತುಲಕ್ಕೆ ತುಂಬ ದೂರ, ನಡುವೆ ಗುಡ್ಡ ಅಡ್ಡ ಇದೆ, ಚಿತ್ರದಲ್ಲಿ ಎಲ್ಲ ಕಡೆಯಿಂದಲೂ ನೋಡಿದ್ದೇನೆ. ದೊಡ್ಡ ಎತ್ತು ಏಳಲಿಲ್ಲ, ಶಕುನ ಸರಿಯಿಲ್ಲ ಎಂದೆಲ್ಲ ಕೂರಬೇಡ. ನೀನಾಗಿಯೇ ಎದ್ದು ಹೋದರೆ ಯಾರೂ ಯಾರಿಗೂ ಏನನ್ನೂ ತೋರಿಸಿದ ಹಾಗಾಗುವುದಿಲ್ಲ. ನಿನ್ನ ಕಟ್ಟಳೆಯೂ ಉಳಿಯುತ್ತದೆ, ನನ್ನ ಕೆಲಸವೂ ಉಳಿಯುತ್ತದೆ. ಇಷ್ಟು ವರ್ಷ ನನ್ನ ಒಂದು ಮಾತನ್ನೂ ಕೇಳಿಲ್ಲ ನೀನು. ಇದೊಂದನ್ನು ಕೇಳು.

ಹಟ್ಟಿಯ ತಾಯಿ ನಿನ್ನನ್ನೂ ದನಗಳನ್ನೂ ಕಾಪಾಡಲಿ. ದೊಡ್ಡ ಎತ್ತಿನ ಕತ್ತಿನಡಿಯ ಗಂಗೆದೊಗಲು ಸವರಿ ನನ್ನ ಹೆಸರು ಹೇಳು. ನನ್ನ ಆಯಸ್ಸೂ ಸೇರಿ ನೂರು ಕಾಲ ಬಾಳು.

ನಿನ್ನ ಅಕ್ಕ,
ಗಂಗಲಕ್ಷ್ಮಿ

ಮರೆಯದೆ ಓದು: ಗುರುವಾರ ಬೆಳಿಗ್ಗೆ, ಆಫೀಸಿನಿಂದಲೇ ಬರೆಯುತ್ತಿದ್ದೇನೆ. ಕರೀಂ ಸಾಬ್ ಬಾಗಿಲಲ್ಲಿ ಗಾಡಿ ಚಾಲೂ ಇಟ್ಟುಕೊಂಡೇ ನಿಂತಿದ್ದಾರೆ. ಕ್ವಾರಿಯಲ್ಲಿ ಕುಳಿ ಕೊರೆದು ಮದ್ದು ತುಂಬುತ್ತಿದ್ದಾರಂತೆ, ನಾಳೆಯವರೆಗೆ ಇಡುವುದಿಲ್ಲವಂತೆ, ಸಿಡಿಸುವುದು ಇವತ್ತು ಮಧ್ಯಾಹ್ನವೇ ಅಂತೆ. ಗಾಡಿ ಎಲ್ಲಾದರೂ ಕೆಟ್ಟು ನಿಂತರೆ? ನೀನು ದನ ಮೇಯಿಸುತ್ತ ದೂರ ಹೋಗಿ, ಕೂಗು ಕೇಳಿಸದಿದ್ದರೆ? ನನಗೆ ತಡೆಯಲಾಗಲಿಲ್ಲ. ಈಗಷ್ಟೇ ಚಪ್ಪಲಿ ಹೊರಗೆ ಬಿಟ್ಟು ಬಂದು, ರೊಪ್ಪವನ್ನು ಒರತೆಹಳ್ಳದಲ್ಲಿ, ಅದರ ಜಾಗದಲ್ಲೇ ಇಟ್ಟೆ. ಇಟ್ಟ ಕ್ಷಣಕ್ಕೆ ಕೆಂಪಾಯಿತು. ಕೆಳಗೆ ನನ್ನ ಹೆಸರು ಹಾಕಿ ಕ್ವಾರಿಗೂ ತಾಲ್ಲೂಕು ಆಫೀಸಿಗೂ ಕಳಿಸಿದ್ದೇನೆ. ಎರಡೂ ಕಡೆ ಫೋನ್ ಮಾಡುತ್ತಲೇ ಇದ್ದೇನೆ, ನೋಡುತ್ತೇವೆ ಎನ್ನುತ್ತಾರೆ, ನೋಡಿದೆವು ಎಂದು ಇನ್ನೂ ಯಾರೂ ಅಂದಿಲ್ಲ. ಮೇಡಂ ನನ್ನ ಜೊತೆ ಮಾತಾಡುತ್ತಿಲ್ಲ. ಜಾಗ ತೋರಿಸಿದವಳು ನಾನೇ ಎಂದು ದೊಡ್ಡಪ್ಪನಿಗೆ ನೀನೇ ಹೇಳು. ಮೀಸಲು ಹಾಲು ಬೇಡ, ಗುಡಿ ಮೆಟ್ಟಿಲೂ ಬೇಡ. ನಿನಗೂ ನನ್ನ ಮೇಲೆ ಸಿಟ್ಟು ಬಂದಿರುತ್ತದೆ, ಬರಲಿ. ಬೈಯುವುದೆಲ್ಲ ಬಾಕಿ ಇಟ್ಟುಕೊಂಡು ಮೊದಲು ಅಲ್ಲಿಂದ ಏಳು. ಇಲ್ಲಿಗೆ ಬಂದು, ನನ್ನೆದುರು ನಿಂತು ಬೈಯಿ.