ಬಿಜೂರಿನ ಬೆಲ್ಲ, ನೀರು

ಅಕ್ಕಾ,

ಕರ್ತನ ಕೃಪೆಯಿಂದ ಚೆನ್ನಾಗಿದ್ದೇನೆ. ಬೈಂದೂರಿಗೆ ಬಂದು ಒಂಬತ್ತು ದಿನ. ಸುವಾರ್ತೆಯ ಒಂದು ಮಾತನ್ನೂ ಕೇಳದ ಮನೆಗಳು ಇಷ್ಟೊಂದು ಇರುವಾಗ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ನಿನ್ನೆ ಬಿಜೂರಿನಲ್ಲಿ ಕುಸುಮಾವತಿ ಎಂಬ ಅಜ್ಜಿ ನನ್ನ ಕರಪತ್ರವನ್ನು ಜಗಲಿಯಲ್ಲಿ ಕೂತು ಪೂರ್ತಿ ಓದಿದರು. ಹಾಗೆ ಓದಿದವರು ಅವರೊಬ್ಬರೇ. ಆಮೇಲೆ ಒಳಗಿನಿಂದ ತಟ್ಟೆಯಲ್ಲಿ ಬೆಲ್ಲದ ತುಂಡು, ಚೊಂಬಿನಲ್ಲಿ ನೀರು ತಂದಿಟ್ಟರು. ವಿಗ್ರಹಕ್ಕೆ ಅರ್ಪಿಸಿದ್ದನ್ನು ತಿನ್ನಬಾರದೆಂದು ಓದಿದ್ದೆನಲ್ಲ, ಪ್ರಸಾದವೆಂದುಕೊಂಡು ಬೇಡವೆಂದೆ.

"ಹ್ವಾಯ್, ನಿಮ್ ಕಾಗ್ದ ನಾ ತಕಂಡೆ. ನನ್ ಬೆಲ್ಲ ನೀರ್ ನಿಮ್ಗ್ ಆತಿಲ್ಯಾ?" ಎಂದು ಕರಪತ್ರವನ್ನು ನನ್ನ ಕೈಗೇ ವಾಪಸು ಕೊಟ್ಟರು.

ಬಿಸಿಲಲ್ಲಿ ಬಂದವರು ಯಾರೇ ಆಗಲಿ, ಇಲ್ಲಿ ಮೊದಲು ಕೊಡುವುದೇ ಅದಂತೆ. ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕ ಕೂತಿದ್ದವರು ನಗುತ್ತ ಹೇಳಿದರು. ನನ್ನ ಯಾವ ಪುಸ್ತಿಕೆಯಲ್ಲೂ ಇದಿರಲಿಲ್ಲ.

ಕಾಲಿನ ಬೊಬ್ಬೆ ಒಣಗುತ್ತಿದೆ. ಅಮ್ಮನಿಗೆ ಓದಿ ಹೇಳುವಾಗ ಅದನ್ನು ಬಿಟ್ಟುಬಿಡು. ಬಿಜೂರಿನ ಬಸ್ಸು ಬಂತು. ಇವತ್ತು ಕರಪತ್ರದ ಚೀಲ ಕೋಣೆಯಲ್ಲೇ ಇದೆ. ಅದೇ ಜಗಲಿಗೆ ಹೋಗಿ, ಬಾಯಾರಿದೆ ಅಜ್ಜಿ ಎನ್ನುತ್ತೇನೆ.

ನಿನ್ನ ತಮ್ಮ,
ಜಯಶೀಲ