ಬಿದಿರು ಮೆಳೆಯ ಹಿಂದಿನ ಗುಂಡಿ

ಕೊರೆಗೊ ಫುಂಡೊ, ಮಿನಾಸ್, ಬ್ರೆಜಿಲ್
6 ಫೆಬ್ರುವರಿ 2017

ಓಝೋರಿಯೊ ಅಣ್ಣನಿಗೆ,

ಕ್ಷೇಮವೇ ಎಂದು ಕೇಳುವುದಿಲ್ಲ. ನಿನ್ನ ಕ್ಷೇಮವನ್ನು ನೀನು ಹೇಗೆ ನೋಡಿಕೊಂಡೆ ಎಂಬುದು ನನಗೀಗ ಗೊತ್ತು.

"ಒಡಹುಟ್ಟಿದವಳೇ ಹಿಂಗೆ ಮಾಡಿದ್ಲಲ್ಲ" ಅಂತ ಅತ್ತಿಗೆಯ ಕೈಲಿ ಹೇಳಿಕಳಿಸಿದ್ದೀಯ. ಹೌದು, ನಾನೇ ಮಾಡಿದ್ದು. ನರ್ಸ್ ಇವನೇಚಿಯನ್ನು ಜಲಪಾತದ ಬಳಿಯ ನಿನ್ನ ಪ್ರವಾಸಿ ವಸತಿಯ ಹಿಂದಕ್ಕೆ ಕರೆದೊಯ್ದು, ಬಿದಿರು ಮೆಳೆಯ ಹಿಂದಿನ ಗುಂಡಿ ತೋರಿಸಿದವಳು ನಾನೇ. ಸುಣ್ಣದಡಿ ಹನ್ನೊಂದು ಕೂಗುಮಂಗಗಳಿದ್ದವು.

ಗುಂಡಿ ತೋಡಿದ ನನ್ನ ಗಂಡನೇ ನನಗೆ ಹೇಳಿದ. ಅಡೆಲ್ಮೊಗೆ ಮೂರು ದಿನ ಜ್ವರ, ಸೊಂಟ ಮುರಿದಂಥ ನೋವು. ನಾಲ್ಕನೆಯ ದಿನ ಜ್ವರ ಬಿಟ್ಟಿತು. ಎದ್ದು ಕೂತು ಬೀನ್ಸ್ ಸಾರು, ಅನ್ನ ಉಂಡ. "ಸತ್ತೆ ಅಂದ್ಕೊಂಡಿದ್ಯಾ? ಇನ್ನೂ ಇಪ್ಪತ್ತು ವರ್ಷ ನಿನ್ನ ತಲೆ ತಿನ್ತೀನಿ" ಅಂದ. ಮರುದಿನ ಕಣ್ಣೆಲ್ಲ ಹಳದಿ. ಆಮೇಲೆ ಕಾಫಿ ಗಷ್ಟಿನಂಥ ಕಪ್ಪು ವಾಂತಿ. ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಬಾಯಿಬಿಟ್ಟ: ಕ್ರಿಸ್‌ಮಸ್ ಮರುದಿನದಿಂದ ದಿನಾ ಕಾಡಂಚಿಗೆ ಹೋಗಿ ಸತ್ತ ಮಂಗಗಳನ್ನು ಹೊತ್ತು ತಂದು ಹೂಳುತ್ತಿದ್ದನಂತೆ. "ರಜೆ ಮುಗಿಯೋವರೆಗೂ ಯಾರ ಹತ್ರನೂ ಉಸಿರೆತ್ತಬೇಡ, ಬಂದ ಜನ ಎಲ್ಲ ಓಡಿಹೋಗ್ತಾರೆ" ಅಂದಿದ್ದೆಯಂತೆ. ನಿನ್ನ ಮಾತು ಅವನಿಗೆ ವೇದವಾಕ್ಯ.

ಅವನು ಸತ್ತ ಏಳನೆಯ ದಿನದ ಪ್ರಾರ್ಥನೆಗೆ ನೀನು ಬಂದೆ. ಚರ್ಚಿನ ಬಾಗಿಲಲ್ಲಿ ನಿಂತು, "ಆ ದರಿದ್ರ ಮಂಗಗಳೇ ನನ್ನ ತಂಗಿ ಗಂಡನ್ನ ತಿಂದಿದ್ದು, ಒಂದನ್ನೂ ಬಿಡಬೇಡಿ" ಅಂತ ಊರವರನ್ನು ಎತ್ತಿಕಟ್ಟಿದೆ. ಸಂಜೆಯೊಳಗೆ ಉಳಿದಿದ್ದ ಎರಡು ಮಂಗಗಳೂ ಕಲ್ಲೇಟಿಗೆ ಸತ್ತವು. ಒಂದರ ಬೆನ್ನ ಮೇಲೆ ಮರಿಯಿತ್ತು.

ಇವನೇಚಿ ನನ್ನ ಕೈ ಹಿಡಿದು ಹೇಳಿದಳು: "ಈ ಹಳದಿ ಜ್ವರ ಮಂಗ ಮುಟ್ಟಿ ಬರೋದಲ್ಲಮ್ಮ. ಮರದ ಮೇಲಿನ ಸೊಳ್ಳೆ ಅದನ್ನೂ ಕಚ್ಚುತ್ತೆ, ಕೆಳಗೆ ಹೋದೋರನ್ನೂ ಕಚ್ಚುತ್ತೆ. ಪಾಪ, ಮೊದಲು ಸಾಯೋದು ಅದು. ಒಂದೇ ಒಂದು ಸತ್ತ ಮಂಗ ನಮ್ಮ ಕಣ್ಣಿಗೆ ಬಿದ್ದಿದ್ರೂ ಇಡೀ ಊರಿಗೆ ಚುಚ್ಚುಮದ್ದು ಹಾಕಿಬಿಡ್ತಿದ್ವಿ."

ಇಷ್ಟನ್ನೂ ನಿನ್ನ ತಿಳಿಗೇಡಿತನ ಅಂತ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ಮೊನ್ನೆ ಮನೆ ಮನೆಗೆ ಚುಚ್ಚುಮದ್ದು ಹಾಕುತ್ತ ಬಂದ ಇವನೇಚಿಗೆ, "ನಮ್ಮದೆಲ್ಲ ಆಗಿದೆ" ಅಂತ ಕಾರ್ಡ್ ತೋರಿಸಿದೆಯಲ್ಲ. ನಿನ್ನದು, ಅತ್ತಿಗೆಯದು, ಮಕ್ಕಳದು. ತಾರೀಕು ಡಿಸೆಂಬರ್ 27. ಅಡೆಲ್ಮೊ ಮೊದಲ ಮಂಗವನ್ನು ಹೂತ ಮರುದಿನ ನೀವೆಲ್ಲ ಪೇಟೆಗೆ ಹೋಗಿ ಹಾಕಿಸಿಕೊಂಡು ಬಂದಿರಿ. ನಿನ್ನ ಜೀಪಿನಲ್ಲಿ ಇನ್ನೊಬ್ಬ ಕೂರುವಷ್ಟು ಜಾಗವಿತ್ತು. ಮದ್ದು ಮೈಗೆ ಹತ್ತಲು ಹತ್ತು ದಿನ ಸಾಕಂತೆ. ಅವನಿಗೆ ಜ್ವರ ಬಂದದ್ದು ಜನವರಿ ಹದಿನೆಂಟಕ್ಕೆ.

ವಸತಿಗೆ ಬೀಗ ಬಿತ್ತೆಂದು ನನ್ನನ್ನು ಶಪಿಸುತ್ತಿದ್ದೀಯಂತೆ. ಶಪಿಸು. ಇನ್ನು ನನ್ನ ಹೊಸ್ತಿಲು ಮಾತ್ರ ತುಳಿಯಬೇಡ.

ಅಡೆಲ್ಮೊನ ಹೆಂಡತಿ,
ಡಲ್ವಿನಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಹೊಸ ವರ್ಷದ ಹೊತ್ತಿಗೆ ಬೆಳಗಿನ ಜಾವದ ಮಂಗಗಳ ಕೂಗು ನಿಂತುಹೋಗಿತ್ತು. ಹುಟ್ಟಿದಾಗಿನಿಂದ ಆ ಕೂಗಿಗೇ ಎದ್ದವಳು ನಾನು. ಯಾಕೆ ನಿಂತಿತು ಅಂತ ಯಾರನ್ನೂ ಕೇಳಲಿಲ್ಲ. "ಸದ್ಯ, ಒಳ್ಳೆ ನಿದ್ದೆ ಬರ್ತಿದೆ" ಅಂದೆ. ಅಡೆಲ್ಮೊ ಗೋಡೆಯತ್ತ ಮಗ್ಗುಲಾದ.